ಹದಿನಾಲ್ಕು ರಾತ್ರಿಯ ಆಸ್ಟ್ರೇಲಿಯಾ: ಊರು ಕಡಿಮೆ ಮಾಡಿ, ಕತ್ತಲಾಗುವ ಮುಂಚೆ ರೂಮು ಸೇರಿ

ಪ್ರಶ್ನೆ: ದಸರಾ ರಜೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, 68 ವರ್ಷದ ಅಮ್ಮ, 11 ಮತ್ತು 5 ವರ್ಷದ ಇಬ್ಬರು ಮಕ್ಕಳು. ಒಟ್ಟು 14 ರಾತ್ರಿ. ಟ್ರಾವೆಲ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಸಿಡ್ನಿ, ಗೋಲ್ಡ್ ಕೋಸ್ಟ್, ಕೇರ್ನ್ಸ್, ಮೆಲ್ಬರ್ನ್, ಅಡಿಲೇಡ್, ಕ್ಯಾಂಗರೂ ಐಲ್ಯಾಂಡ್ ಎಲ್ಲಾ ಇವೆ. ಗ್ರೇಟ್ ಓಷನ್ ರೋಡನ್ನು ಮೆಲ್ಬರ್ನ್‌ನಿಂದ ಒಂದೇ ದಿನದಲ್ಲಿ ಮುಗಿಸಬಹುದು ಅಂತ ಹೇಳಿದ್ದಾರೆ. ಕಾರು ಓಡಿಸುವವನು ನಾನೊಬ್ಬನೇ. ಮಕ್ಕಳಿಗೆ ಕಾಂಗರೂ, ಪೆಂಗ್ವಿನ್ ನೋಡಬೇಕು, ಕೋಲಾ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಅಮ್ಮನಿಗೆ ಸಮುದ್ರ ನೋಡುವ ಆಸೆ, ಆದರೆ ಜಾಸ್ತಿ ನಡೆಯಲು ಆಗುವುದಿಲ್ಲ. ಈ ಪಟ್ಟಿ ಸರಿ ಇದೆಯಾ?

ಉತ್ತರ: ಪಟ್ಟಿಯಲ್ಲಿರುವ ಊರುಗಳೆಲ್ಲ ಚೆನ್ನಾಗಿವೆ. ಆದರೆ 14 ರಾತ್ರಿಗೆ ಆರು ಜಾಗ ಅಂದರೆ ನೀವು ಹೆಚ್ಚು ನೋಡುವುದು ವಿಮಾನ ನಿಲ್ದಾಣಗಳನ್ನೇ. ಆ ದೇಶದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ದಿನ ಬಹುತೇಕ ಹಾಳು. ಸಿಡ್ನಿಯಿಂದ ಕೇರ್ನ್ಸ್‌ಗೆ ವಿಮಾನದಲ್ಲೇ ಮೂರು ಗಂಟೆ. ರೂಮು ಖಾಲಿ ಮಾಡುವುದು, ನಿಲ್ದಾಣ ತಲುಪುವುದು, ಲಗೇಜಿಗೆ ಕಾಯುವುದು, ಮತ್ತೆ ಹೊಸ ರೂಮು ಸೇರುವುದು ಎಲ್ಲ ಸೇರಿದರೆ ಸಂಜೆಯಾಗಿರುತ್ತದೆ. ಐದು ವರ್ಷದ ಮಗು ಮತ್ತು ವಯಸ್ಸಾದ ಅಮ್ಮನ ಜೊತೆ ಇದನ್ನು ಐದು ಸಲ ಮಾಡುವುದು ಬೇಡ.

ನಾನಾದರೆ ಗೋಲ್ಡ್ ಕೋಸ್ಟ್ ಮೊದಲು ತೆಗೆಯುತ್ತೇನೆ. ಅಲ್ಲಿರುವುದು ಥೀಮ್ ಪಾರ್ಕು, ಎತ್ತರದ ಕಟ್ಟಡ, ಬೀಚು. ನೀವು ಕೇಳಿರುವುದು ಸಮುದ್ರ ಪಕ್ಕದ ರಸ್ತೆ ಮತ್ತು ಪ್ರಾಣಿಗಳು. ಆಮೇಲೆ ಅಡಿಲೇಡ್ ಮತ್ತು ಕ್ಯಾಂಗರೂ ಐಲ್ಯಾಂಡ್. ಇದನ್ನು ತೆಗೆಯುವಾಗ ನನಗೂ ಬೇಜಾರಾಗುತ್ತದೆ, ಯಾಕೆಂದರೆ ಕಾಡುಪ್ರಾಣಿ ನೋಡಲು ಅದು ಬಹಳ ಒಳ್ಳೆಯ ಜಾಗ. ಸೀಲ್ ಬೇ ತೀರದಲ್ಲಿ ಗೈಡ್ ಜೊತೆ ಸಮುದ್ರ ಸಿಂಹಗಳ ಹತ್ತಿರಕ್ಕೇ ಹೋಗಬಹುದು. ಆದರೆ ಅದು ಸಣ್ಣ ದ್ವೀಪವಲ್ಲ, ಉದ್ದವೇ ಸುಮಾರು 155 ಕಿ.ಮೀ. ಅಡಿಲೇಡಿಗೆ ವಿಮಾನ, ಅಲ್ಲಿಂದ ಕೇಪ್ ಜರ್ವಿಸ್‌ವರೆಗೆ ಕಾರು, ಆಮೇಲೆ 45 ನಿಮಿಷದ ಫೆರ್ರಿ. ಎರಡು ರಾತ್ರಿಯಾದರೂ ಉಳಿಯದೆ ಹೋಗಿ ಪ್ರಯೋಜನವಿಲ್ಲ. ಹೋಗಿ ಬರುವುದೂ ಸೇರಿ ನಾಲ್ಕು ದಿನ ತಿನ್ನುತ್ತದೆ. ಈ ಸಲ ಬೇಡ.

ಉಳಿದದ್ದು ಸಿಡ್ನಿ, ಕೇರ್ನ್ಸ್, ಮೆಲ್ಬರ್ನ್. ಮೂರು ನಗರ, ಮೂರು ಕರಾವಳಿ ರಸ್ತೆ. ಸಾಕು.

ಈಗ ಮುಖ್ಯ ವಿಷಯ. ಪ್ರವಾಸದ ಯೋಜನೆ ಅಂದ ತಕ್ಷಣ ಎಲ್ಲರೂ ಹಗಲಿನ ಪಟ್ಟಿ ಮಾಡುತ್ತಾರೆ. ಇಲ್ಲಿ ಅದನ್ನು ತಿರುಗಿಸಿ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದನ್ನು ಮೊದಲು ಬರೆಯಿರಿ. ಕಾರಣ ಸರಳ. ಕಾಂಗರೂ, ಅದರ ಚಿಕ್ಕ ಜಾತಿಯಾದ ವಾಲಬಿ, ಬಿಲ ತೋಡುವ ವಾಂಬ್ಯಾಟ್, ಪೆಂಗ್ವಿನ್ ಎಲ್ಲವೂ ಚುರುಕಾಗುವುದು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ನೀವು ಅವುಗಳ ಹತ್ತಿರದ ಊರಲ್ಲಿ ಇರಬೇಕು. ಆದರೆ ಅದೇ ಹೊತ್ತಲ್ಲಿ ಹೆದ್ದಾರಿಯಲ್ಲಿ ಇರಬಾರದು. ರಸ್ತೆಯ ಅಂಚಿನ ಹುಲ್ಲು ಮೇಯಲು ಕಾಂಗರೂ ಬರುತ್ತವೆ. ಹೆಡ್‌ಲೈಟ್ ಬೆಳಕಿಗೆ ಗಲಿಬಿಲಿಯಾಗಿ ಯಾವ ಕಡೆ ಹಾರುತ್ತವೋ ಹೇಳಲಾಗದು. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂದುಕೊಳ್ಳಿ. ಎದುರು ಬಂದರೆ ಸ್ಟೀರಿಂಗ್ ಎಳೆಯಬೇಡಿ. ನೇರವಾಗಿ ಬ್ರೇಕ್ ಒತ್ತಿ. ತಪ್ಪಿಸಲು ಹೋಗಿ ಮರಕ್ಕೆ ಗುದ್ದುವುದೇ ಹೆಚ್ಚು ಅಪಾಯ. ಕೆಲವು ಬಾಡಿಗೆ ಕಾರಿನ ಒಪ್ಪಂದಗಳಲ್ಲಿ ಊರ ಹೊರಗೆ ಕತ್ತಲಾದ ಮೇಲೆ ಪ್ರಾಣಿಗೆ ಗುದ್ದಿದರೆ ವಿಮೆ ಸಿಗದು ಅಂತಲೇ ಬರೆದಿರುತ್ತದೆ. ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ ಓದಿ.

ಹಾಗಾಗಿ ನನ್ನ ಲೆಕ್ಕ ಹೀಗೆ: ಸಿಡ್ನಿಯಲ್ಲಿ 4 ರಾತ್ರಿ, ಕೇರ್ನ್ಸ್‌ನಲ್ಲಿ 3, ಗ್ರೇಟ್ ಓಷನ್ ರೋಡಿನ ಮೂರು ಊರುಗಳಲ್ಲಿ ಒಂದೊಂದು, ಪೆಂಗ್ವಿನ್ ನೋಡಲು ಮೆಲ್ಬರ್ನ್ ಹತ್ತಿರದ ಫಿಲಿಪ್ ಐಲ್ಯಾಂಡ್‌ನಲ್ಲಿ 1, ಕೊನೆಗೆ ಮೆಲ್ಬರ್ನ್‌ನಲ್ಲಿ 3. ವಿಮಾನದ ಟಿಕೆಟ್ ಸಿಡ್ನಿಗೆ ಇಳಿದು ಮೆಲ್ಬರ್ನ್‌ನಿಂದ ಹೊರಡುವ ಹಾಗೆ ತೆಗೆಯಿರಿ. ಬುಕಿಂಗ್ ಸೈಟುಗಳಲ್ಲಿ ‘ಮಲ್ಟಿ ಸಿಟಿ’ ಅನ್ನುವ ಆಯ್ಕೆ ಇದಕ್ಕೇ ಇರುವುದು. ಬಂದ ದಾರಿಗೇ ವಾಪಸ್ ಹೋಗಲು ಒಂದು ದಿನ ಸುಮ್ನೆ ಕಳೆಯುವುದು ತಪ್ಪುತ್ತದೆ.

ಅಕ್ಟೋಬರ್ ಒಳ್ಳೆಯ ತಿಂಗಳು. ಅಲ್ಲಿ ಆಗ ವಸಂತ. ದಕ್ಷಿಣಕ್ಕೆ ವಾಪಸಾಗುವ ತಿಮಿಂಗಿಲಗಳು ಸಿಡ್ನಿ ಕಡಲಲ್ಲಿ ಇರುತ್ತವೆ. ಕೇರ್ನ್ಸ್ ಕಡೆ ಕುಟುಕುವ ಜೆಲ್ಲಿ ಮೀನುಗಳ ಕಾಲ ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ, ಅದಕ್ಕೆ ಸ್ವಲ್ಪ ಮುಂಚೆ ನೀವು ಹೋಗಿರುತ್ತೀರಿ. ಆದರೆ ಬಟ್ಟೆ ಎರಡು ತರ ಬೇಕು. ಕೇರ್ನ್ಸ್‌ನಲ್ಲಿ 30 ಡಿಗ್ರಿ ಹತ್ತಿರ ಸೆಕೆ ಇರುತ್ತದೆ. ಮೆಲ್ಬರ್ನ್‌ನಲ್ಲಿ ಹಗಲಿನ ಬಿಸಿಲೇ 20ರ ಆಸುಪಾಸು, ಮೇಲೆ ಗಾಳಿ ಬೇರೆ. ಗಡಿಯಾರದ್ದೂ ಒಂದು ತಮಾಷೆ ಇದೆ. ಅಕ್ಟೋಬರ್ ಮೊದಲ ಭಾನುವಾರ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಕೇರ್ನ್ಸ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯ ಆ ಪದ್ಧತಿ ಒಪ್ಪಿಲ್ಲ. ಹಾಗಾಗಿ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ, ಕೇರ್ನ್ಸ್ ನಾಲ್ಕೂವರೆ ಗಂಟೆ ಮುಂದೆ. ವಿಮಾನದ ಸಮಯ ನೋಡುವಾಗ ಇದು ನೆನಪಿರಲಿ.

ಸಿಡ್ನಿಯಲ್ಲಿ ಇಳಿದ ದಿನ ಕಾರು ಮುಟ್ಟಬೇಡಿ. ನಗರದೊಳಗೆ ಕಾರು ಬೇಕಾಗಿಯೂ ಇಲ್ಲ. ರೈಲು, ಬಸ್, ಫೆರ್ರಿ ಎಲ್ಲಕ್ಕೂ ನಿಮ್ಮ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಬಹುದು. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡು ಬೇಕು. ಮಗನಿಗೋ ಮಗಳಿಗೋ ಅರ್ಧ ದರ ಸಿಗಬೇಕಾದರೆ ಅಲ್ಲಿನ ಸಾರಿಗೆ ಕಾರ್ಡಾದ ಓಪಲ್‌ನಲ್ಲಿ ಮಕ್ಕಳದ್ದು ತೆಗೆದುಕೊಳ್ಳಿ. ದಿನಕ್ಕೆ ಇಷ್ಟೇ ಹಣ ಕಡಿತ ಅನ್ನುವ ಮಿತಿ ಇದೆ, ವಾರಾಂತ್ಯದಲ್ಲಿ ಆ ಮಿತಿ ಇನ್ನೂ ಕಡಿಮೆ.

ಅಮ್ಮನಿಗೆ ಸಮುದ್ರ ತೋರಿಸಲು ಸರ್ಕ್ಯುಲರ್ ಕೀ ಅನ್ನುವ ಫೆರ್ರಿ ನಿಲ್ದಾಣದಿಂದ ಮ್ಯಾನ್ಲಿಗೆ ಹೋಗುವ ಫೆರ್ರಿ ಹತ್ತಿಸಿ. ಅರ್ಧ ಗಂಟೆಯ ದಾರಿ. 1932ರ ಹಾರ್ಬರ್ ಬ್ರಿಜ್, 1973ರಲ್ಲಿ ತೆರೆದ ಆಪೆರಾ ಹೌಸ್ ಎರಡೂ ಕೂತಲ್ಲೇ ಕಾಣುತ್ತವೆ. ದುಬಾರಿ ಕ್ರೂಸ್ ತೋರಿಸುವುದರಲ್ಲಿ ಮುಖ್ಯವಾದದ್ದೆಲ್ಲ ಇದರಲ್ಲೇ ಸಿಗುತ್ತದೆ. ಹಣ ಖರ್ಚು ಮಾಡಬೇಕು ಅಂತಿದ್ದರೆ ತಿಮಿಂಗಿಲ ನೋಡುವ ದೋಣಿಗೆ ಮಾಡಿ. ಎರಡು ಮೂರು ಗಂಟೆ ತೆರೆದ ಸಮುದ್ರದಲ್ಲಿ ಹೋಗುತ್ತಾರೆ. ಅಕ್ಟೋಬರ್‌ನಲ್ಲಿ ಹಂಪ್‌ಬ್ಯಾಕ್ ತಾಯಂದಿರು ಮರಿಗಳ ಜೊತೆ ದಕ್ಷಿಣಕ್ಕೆ ಹೋಗುತ್ತಿರುತ್ತವೆ. ಅಲೆ ಜೋರಿದ್ದರೆ ವಾಂತಿ ಗ್ಯಾರಂಟಿ, ಹೊರಡುವ ಮುಂಚೆಯೇ ಮಾತ್ರೆ ತೆಗೆದುಕೊಳ್ಳಬೇಕು. ಬೇಟೆಯಿಂದ ನಾಶದ ಅಂಚಿಗೆ ಹೋಗಿದ್ದ ಈ ತಿಮಿಂಗಿಲಗಳು ಚೇತರಿಸಿಕೊಂಡು 2022ರಲ್ಲಿ ಆಸ್ಟ್ರೇಲಿಯಾದ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ಹೊರಗೆ ಬಂದವು. ಅದೇ ವರ್ಷ ಕೋಲಾದ ಸ್ಥಿತಿ ಇನ್ನೂ ಬಿಗಡಾಯಿಸಿದೆ ಅಂತ ಸರ್ಕಾರ ಘೋಷಿಸಿತು. ಕೋಲಾ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಿಡ್ನಿಯ ಒಂದು ದಿನಕ್ಕೆ ಮಾತ್ರ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ದಕ್ಷಿಣಕ್ಕೆ ಗ್ರ್ಯಾಂಡ್ ಪೆಸಿಫಿಕ್ ಡ್ರೈವ್ ಅನ್ನುವ ರಸ್ತೆ ಇದೆ. 1879ರಲ್ಲಿ ಶುರುವಾದ ರಾಯಲ್ ನ್ಯಾಷನಲ್ ಪಾರ್ಕ್ ಒಳಗಿಂದ ಹೋಗಿ, ಬಾಲ್ಡ್ ಹಿಲ್ ಅನ್ನುವ ಎತ್ತರದ ಜಾಗದಲ್ಲಿ ಸಮುದ್ರ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅಲ್ಲಿ ಕಾರಿನ ಪಕ್ಕದಲ್ಲೇ ನಿಂತು ನೋಡಬಹುದು, ಅಮ್ಮ ನಡೆಯಬೇಕಿಲ್ಲ. ಕೆಳಗೆ ಕಾಣುವ ಸ್ಟಾನ್‌ವೆಲ್ ಪಾರ್ಕ್ ತೀರದಲ್ಲೇ 1894ರಲ್ಲಿ ಲಾರೆನ್ಸ್ ಹಾರ್ಗ್ರೇವ್ ಪೆಟ್ಟಿಗೆಯಾಕಾರದ ಗಾಳಿಪಟಗಳಿಗೆ ತನ್ನನ್ನು ಕಟ್ಟಿಕೊಂಡು ಮೇಲಕ್ಕೆ ಏರಿದ್ದು. ನಿಮ್ಮ 11 ವರ್ಷದ ಮಗುವಿಗೆ ಈ ಕಥೆ ಹೇಳಿ, ಇಷ್ಟವಾಗುತ್ತದೆ. ಅಲ್ಲಿಂದ ಮುಂದೆ ಸೀ ಕ್ಲಿಫ್ ಬ್ರಿಜ್. ಬೆಟ್ಟದಿಂದ ಕಲ್ಲು ಬೀಳುತ್ತವೆ ಅಂತ ಹಳೆ ರಸ್ತೆ ಮುಚ್ಚಿ, 2005ರಲ್ಲಿ ಸಮುದ್ರದ ಮೇಲೇ 665 ಮೀಟರ್ ಸೇತುವೆ ಕಟ್ಟಿದರು. ಕಿಯಾಮಾವರೆಗೆ ಹೋಗಿ, ಬರುವಾಗ ಒಳಗಿನ ಹೆದ್ದಾರಿ ಹಿಡಿದು ಬೇಗ ಬನ್ನಿ. ಕಿಯಾಮಾದ ಬ್ಲೋಹೋಲ್ ನೀರು ಚಿಮ್ಮುವುದು ಆಗ್ನೇಯದಿಂದ ಅಲೆ ಬಂದಾಗ. ಇಲ್ಲದಿದ್ದರೆ ಅದು ಸುಮ್ನೆ ಒಂದು ತೂತು. ಅದಕ್ಕಾಗಿಯೇ ಅಷ್ಟು ದೂರ ಹೋಗಬೇಡಿ.

ಕರಾವಳಿ ರಸ್ತೆಗಳ ಬಗ್ಗೆ ಒಂದು ಗುಟ್ಟು. ಅಲ್ಲೂ ನಮ್ಮ ಹಾಗೇ ಎಡಬದಿಯ ಸಂಚಾರ. ಹಾಗಾಗಿ ಸಮುದ್ರ ನಿಮ್ಮ ಎಡಕ್ಕೆ ಬರುವ ದಿಕ್ಕಿನಲ್ಲೇ ಓಡಿಸಿ. ನೋಟ ಅಡ್ಡವಿಲ್ಲದೆ ಸಿಗುತ್ತದೆ, ವ್ಯೂ ಪಾಯಿಂಟಿಗೆ ನುಗ್ಗಲು ಎದುರಿನ ವಾಹನ ದಾಟಬೇಕಿಲ್ಲ. ಸಿಡ್ನಿಯಿಂದ ದಕ್ಷಿಣಕ್ಕೆ, ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಹೋದರೆ ಸಮುದ್ರ ಎಡಕ್ಕೆ. ಕೇರ್ನ್ಸ್‌ನಲ್ಲಿ ಮಾತ್ರ ಉಲ್ಟಾ, ಅಲ್ಲಿ ಹೋಗುವಾಗ ನಿಲ್ಲಿಸದೆ ಹೋಗಿ, ವಾಪಸ್ ಬರುವಾಗ ನಿಲ್ಲಿಸುತ್ತಾ ಬನ್ನಿ.

ಕೇರ್ನ್ಸ್‌ಗೆ ಹೋಗುವುದು ಗ್ರೇಟ್ ಬ್ಯಾರಿಯರ್ ರೀಫ್‌ಗಾಗಿ. 2,300 ಕಿ.ಮೀ ಉದ್ದದ ಹವಳದ ಸಾಲು. ಊರಿಗೆ ಬೀಚ್ ಇಲ್ಲ, ಇದು ಎಷ್ಟೋ ಜನರಿಗೆ ಹೋದ ಮೇಲೆ ಗೊತ್ತಾಗುತ್ತದೆ. ಮುಂದೆ ಇರುವುದು ಕೆಸರಿನ ತೀರ, ಅದರಲ್ಲಿ ಮೊಸಳೆ ಇರಬಹುದು. ಈಜಲು ಎಸ್ಪ್ಲನೇಡ್ ಅನ್ನುವ ತೀರದ ರಸ್ತೆಯಲ್ಲಿ ಉಪ್ಪು ನೀರಿನ ದೊಡ್ಡ ಕೊಳ ಇದೆ, ಉಚಿತ. ಮಕ್ಕಳಿಗೆ ಅದೇ ಸ್ವರ್ಗ.

ರೀಫ್‌ಗೆ ಹೋಗುವುದನ್ನು ಕೇರ್ನ್ಸ್ ತಲುಪಿದ ಮರುದಿನವೇ ಇಟ್ಟುಕೊಳ್ಳಿ. ಗಾಳಿ ಜಾಸ್ತಿಯಾಗಿ ದೋಣಿ ರದ್ದಾದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ನಿಮಗೇನಾದರೂ ಸ್ಕೂಬಾ ಡೈವಿಂಗ್ ಆಸೆ ಇದ್ದರೆ, ಅದಾದ ಮೇಲೆ ಒಂದು ದಿನ ಬಿಟ್ಟೇ ವಿಮಾನ ಹತ್ತಬೇಕು. ಹೊರ ರೀಫ್‌ಗೆ ಒಂದೂವರೆಯಿಂದ ಎರಡು ಗಂಟೆ ದೋಣಿ. ಅಮ್ಮನಿಗೆ, ಚಿಕ್ಕವರಿಗೆ ಗ್ರೀನ್ ಐಲ್ಯಾಂಡ್ ಸುಲಭ. 45 ನಿಮಿಷದಲ್ಲಿ ತಲುಪುತ್ತೀರಿ, ಕಾಲ ಕೆಳಗೆ ನೆಲ ಇರುತ್ತದೆ, ನೆರಳಿನ ಮರ ಇದೆ, ತಳದಲ್ಲಿ ಗಾಜಿರುವ ದೋಣಿಯಲ್ಲಿ ಕೂತೇ ಹವಳ ನೋಡಬಹುದು. ಹವಳ ಹೊರ ರೀಫ್‌ನಷ್ಟು ಚೆನ್ನಾಗಿರುವುದಿಲ್ಲ, ನಿಜ. ಆದರೂ ಐದೂ ಜನ ಖುಷಿಯಾಗಿರುವ ದಿನ ಅದೇ ಆಗುತ್ತದೆ.

ಇನ್ನೊಂದು ದಿನ ಕಾರಲ್ಲಿ ಪೋರ್ಟ್ ಡಗ್ಲಸ್ ದಾರಿ ಹಿಡಿದು ಡೇನ್‌ಟ್ರೀ ನದಿಗೆ. ಒಂದು ಕಡೆ ಮಳೆಕಾಡು, ಇನ್ನೊಂದು ಕಡೆ ಸಮುದ್ರ. ನದಿಯಲ್ಲಿ ಸುಮಾರು ಒಂದು ಗಂಟೆಯ ದೋಣಿ ಸವಾರಿಯಲ್ಲಿ ಮೊಸಳೆ ತೋರಿಸುತ್ತಾರೆ. ನೀರಿನ ಮಟ್ಟ ಇಳಿದಾಗ ಅವು ದಂಡೆಯ ಕೆಸರಿನ ಮೇಲೆ ಮಲಗಿರುತ್ತವೆ, ಹಾಗಾಗಿ ಬುಕ್ ಮಾಡುವಾಗ ಯಾವ ಹೊತ್ತಲ್ಲಿ ಇಳಿತ ಅಂತ ಕೇಳಿ. ಅದೃಷ್ಟವಿದ್ದರೆ ರಸ್ತೆಯಲ್ಲಿ ಕ್ಯಾಸೊವರಿ ಸಿಗಬಹುದು. ಆಳೆತ್ತರದ ಹಕ್ಕಿ, ಕಾಲಲ್ಲಿ ಕತ್ತಿಯಂಥ ಉಗುರು. ಸಿಕ್ಕರೆ ಕಾರಲ್ಲೇ ಕೂತು ನೋಡಿ, ಇಳಿಯಬೇಡಿ, ತಿನ್ನಲು ಏನೂ ಕೊಡಬೇಡಿ. ಹೊಳೆಯ ದಂಡೆಯಲ್ಲಿ ಮೊಸಳೆಯ ಎಚ್ಚರಿಕೆ ಫಲಕ ಇದ್ದ ಕಡೆ ಕಾಲು ತೊಳೆಯಲು ಕೂಡ ಹೋಗಬಾರದು. ಕೇರ್ನ್ಸ್‌ನಲ್ಲಿ ಸಂಜೆ ಆರು ದಾಟಿದರೆ ಸಾಕು, ಬೇಗ ಕತ್ತಲಾಗುತ್ತದೆ. ಮಧ್ಯಾಹ್ನ ಮೂರಕ್ಕೆಲ್ಲ ಅಲ್ಲಿಂದ ಹೊರಡಿ.

ಈಗ ನೀವು ಒಂದು ದಿನದಲ್ಲಿ ಮುಗಿಸಬೇಕು ಅಂತಿದ್ದ ಗ್ರೇಟ್ ಓಷನ್ ರೋಡ್. ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಕಡಿದ ರಸ್ತೆ. ಸತ್ತ ಗೆಳೆಯರ ನೆನಪಿಗೆ ಕಟ್ಟಿದ್ದು, ಹಾಗಾಗಿ ರಸ್ತೆಯೇ ಒಂದು ಸ್ಮಾರಕ. ಟಾರ್ಕೀಯಿಂದ ಅಲನ್ಸ್‌ಫರ್ಡ್‌ವರೆಗೆ ಸುಮಾರು 240 ಕಿ.ಮೀ. ಮೆಲ್ಬರ್ನ್‌ನಿಂದ ಹೊರಟು ಟ್ವೆಲ್ವ್ ಅಪಾಸಲ್ಸ್ ಅನ್ನುವ ಸಮುದ್ರದ ಬಂಡೆಗಳನ್ನು ನೋಡಿ ಅದೇ ದಿನ ವಾಪಸ್ ಬರುವ ಬಸ್ ಪ್ರವಾಸ ಹನ್ನೆರಡು ಹದಿಮೂರು ಗಂಟೆಯದ್ದು. ಮಧ್ಯಾಹ್ನದ ಸುಡು ಬೆಳಕಲ್ಲಿ, ಎಲ್ಲ ಬಸ್ಸುಗಳೂ ಒಟ್ಟಿಗೆ ಬಂದು ನಿಂತಾಗ, ಬಂಡೆ ನೋಡಿ ವಾಪಸ್. ಒಬ್ಬನೇ ಡ್ರೈವರ್ ಇರುವ ನೀವು ಕಾರಲ್ಲಿ ಹಾಗೆ ಮಾಡಿದರೆ ವಾಪಸ್ ಬರುವುದು ಕತ್ತಲಲ್ಲೇ. ಖಂಡಿತ ಬೇಡ.

ಕೇರ್ನ್ಸ್‌ನಿಂದ ಮೆಲ್ಬರ್ನ್‌ಗೆ ವಿಮಾನ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಗಡಿಯಾರವೂ ಒಂದು ಗಂಟೆ ಮುಂದೆ ಹೋಗುವುದರಿಂದ ಬೆಳಿಗ್ಗೆ ಹೊರಟರೂ ಇಳಿಯುವಾಗ ಮಧ್ಯಾಹ್ನ. ಕಾರನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳಿ. ಅಲ್ಲಿಂದ ವೆಸ್ಟರ್ನ್ ರಿಂಗ್ ರೋಡ್ ಹಿಡಿದರೆ ನಗರದೊಳಗೆ ಹೋಗಬೇಕಿಲ್ಲ, ಟೋಲೂ ಇಲ್ಲ. ಮೊದಲ ರಾತ್ರಿ ಆಂಗಲ್ಸೀಯಲ್ಲಿ ಉಳಿಯಿರಿ, ಸುಮಾರು ಒಂದೂವರೆ ಗಂಟೆ ದಾರಿ. ಸಮಯವಿದೆ ಅಂತ ಅಪೊಲೊ ಬೇವರೆಗೆ ಎಳೆಯಬೇಡಿ, ಅಂಕುಡೊಂಕಿನ ರಸ್ತೆಯಲ್ಲಿ ಮುಸ್ಸಂಜೆ ಸಿಕ್ಕಿಕೊಳ್ಳುತ್ತದೆ. ಆಂಗಲ್ಸೀ ಯಾಕೆ ಅಂದರೆ ಅಲ್ಲಿನ ಗಾಲ್ಫ್ ಮೈದಾನದಲ್ಲಿ ಕಾಂಗರೂಗಳ ಹಿಂಡೇ ಇದೆ. ಕಾಡಿನ ಕಾಂಗರೂಗಳೇ, ಆದರೆ ಗಾಲ್ಫ್ ಆಡುವವರಿಗೆ ಒಗ್ಗಿಹೋಗಿವೆ. ಚಿಕ್ಕ ಗಾಡಿಯಲ್ಲಿ ಕೂರಿಸಿ ಸುತ್ತಾಡಿಸುವ ಟೂರ್ ಇದೆ, ಅಮ್ಮನಿಗೂ ಸುಲಭ. ಮಕ್ಕಳ ಕಾಂಗರೂ ಆಸೆ ಅಲ್ಲಿಗೆ ತೀರುತ್ತದೆ.

ಎರಡನೇ ರಾತ್ರಿ ಅಪೊಲೊ ಬೇ. ಆಂಗಲ್ಸೀಯಿಂದ ದೂರ ನೂರು ಕಿ.ಮೀ ಕೂಡ ಇಲ್ಲ, ಆದರೆ ಇಡೀ ದಿನ ಕೊಡಿ. ಸಮುದ್ರಕ್ಕೆ ಅಂಟಿಕೊಂಡೇ ಹೋಗುವ ಭಾಗ ಇದೇ. ಲಾರ್ನ್‌ನಲ್ಲಿ ಊಟ, ಕೆನೆಟ್ ರಿವರ್‌ನಲ್ಲಿ ಇಳಿದು ನೀಲಗಿರಿ ಮರಗಳ ಕವಲುಗಳಲ್ಲಿ ಕೋಲಾ ಹುಡುಕಿ. ದಿನದ ಹೆಚ್ಚು ಹೊತ್ತು ನಿದ್ದೆ ಮಾಡುವ ಪ್ರಾಣಿ ಅದು, ಎಲೆಗಳ ಮಧ್ಯೆ ಬೂದು ಉಂಡೆಯ ಹಾಗೆ ಕಾಣುತ್ತದೆ. ಹಿಂದೆ ಸ್ಥಳೀಯರ ಕಾರುಗಳು ಸಾಲುಗಟ್ಟಿದರೆ ಗಾಬರಿ ಬೇಡ. ನಿಧಾನ ಹೋಗುವವರು ಪಕ್ಕಕ್ಕೆ ಸರಿಯಲೆಂದೇ ಜಾಗ ಬಿಟ್ಟಿದ್ದಾರೆ, ಅಲ್ಲಿ ಸರಿದು ದಾರಿ ಬಿಡಿ.

ಅಪೊಲೊ ಬೇ ದಾಟಿದ ಮೇಲೆ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಗೆ ನುಗ್ಗುತ್ತದೆ. ದಾರಿ ತಪ್ಪಿತೇನೋ ಅನ್ನಿಸುತ್ತದೆ, ತಪ್ಪಿರುವುದಿಲ್ಲ. ಒಂದೂವರೆ ಗಂಟೆಯಾದ ಮೇಲೆ ಟ್ವೆಲ್ವ್ ಅಪಾಸಲ್ಸ್. ಹೆಸರಲ್ಲಿ ಹನ್ನೆರಡು ಇದ್ದರೂ ಬಂಡೆಗಳು ಯಾವತ್ತೂ ಹನ್ನೆರಡು ಇರಲಿಲ್ಲ. 2005ರಲ್ಲಿ ಒಂದು ಕುಸಿದು ಬಿತ್ತು. ಅಲೆಗಳು ಸುಣ್ಣದ ಕಲ್ಲನ್ನು ಕೊರೆದು ಗುಹೆ ಮಾಡುತ್ತವೆ, ಗುಹೆ ಕಮಾನಾಗುತ್ತದೆ, ಕಮಾನು ಬಿದ್ದು ಕಂಬ ಉಳಿಯುತ್ತದೆ, ಕೊನೆಗೆ ಕಂಬವೂ ಬೀಳುತ್ತದೆ. ಸ್ವಲ್ಪ ಮುಂದೆ ಇರುವ ಲಂಡನ್ ಆರ್ಚ್ ಮೊದಲು ದಡಕ್ಕೆ ಅಂಟಿಕೊಂಡಿತ್ತು. 1990ರ ಜನವರಿಯಲ್ಲಿ ಅದರ ಒಂದು ಕಮಾನು ಬಿದ್ದಾಗ ಇಬ್ಬರು ಪ್ರವಾಸಿಗರು ಆಚೆ ಕಡೆ ಸಿಕ್ಕಿಕೊಂಡಿದ್ದರು. ಹೆಲಿಕಾಪ್ಟರ್ ಬಂದು ಅವರನ್ನು ಕರೆತಂದಿತು. ಬೇಲಿ ದಾಟಬೇಡಿ ಅಂತ ಬರೆದಿರುವುದು ಇದಕ್ಕೇ.

ಮೂರನೇ ರಾತ್ರಿ ಹತ್ತಿರದ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ. ಇಡೀ ದಾರಿಯಲ್ಲಿ ಒಂದೇ ರಾತ್ರಿ ಉಳಿಯಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಬಸ್ಸುಗಳು ಹೋದ ಮೇಲೆ ಸಂಜೆ ಒಮ್ಮೆ, ಅವು ಬರುವ ಮುಂಚೆ ಬೆಳಿಗ್ಗೆ ಒಮ್ಮೆ ಬಂಡೆಗಳನ್ನು ನೋಡಬಹುದು. ಸಂಜೆ ಕತ್ತಲು ಇಳಿಯುವವರೆಗೆ ಕಟ್ಟೆಯ ಬಳಿ ಕಾದರೆ, ಕೆಳಗಿನ ಮರಳಿಗೆ ಪುಟ್ಟ ಪೆಂಗ್ವಿನ್‌ಗಳು ಬರುವುದೂ ಕಾಣಬಹುದು. ಮೇಲಿನಿಂದ ಇರುವೆಗಳ ಸಾಲಿನಷ್ಟೇ ಕಾಣುತ್ತವೆ, ದುರ್ಬೀನು ಇರಲಿ. ಅಲ್ಲಿಂದ ರೂಮಿಗೆ ಹತ್ತು ಹದಿನೈದು ನಿಮಿಷ, ನಿಧಾನವಾಗಿ ಹೋಗಿ.

ಮರುದಿನ ಫಿಲಿಪ್ ಐಲ್ಯಾಂಡ್. ಇದು ನಿಮ್ಮ ಪ್ರವಾಸದ ಅತಿ ಉದ್ದದ ಡ್ರೈವ್ ದಿನ, ಎಂಟಕ್ಕೆಲ್ಲ ಹೊರಡಿ. ಮೆಲ್ಬರ್ನ್ ಟ್ರಾಫಿಕ್‌ನೊಳಗೆ ಹೋಗುವ ಬದಲು ಕೋಲ್ಯಾಕ್, ಜಿಲಾಂಗ್ ಮೇಲೆ ಕ್ವೀನ್ಸ್‌ಕ್ಲಿಫ್‌ಗೆ ಬಂದು ಕಾರಿನ ಸಮೇತ ಫೆರ್ರಿ ಹತ್ತಿ. 40 ನಿಮಿಷದಲ್ಲಿ ಆಚೆ ದಡದ ಸೊರೆಂಟೊ ತಲುಪುತ್ತೀರಿ. ನಿಮಗೆ ಸ್ಟೀರಿಂಗ್‌ನಿಂದ ಬಿಡುವು, ಮಕ್ಕಳಿಗೆ ಓಡಾಡಲು ಜಾಗ, ಕೆಲವೊಮ್ಮೆ ಡಾಲ್ಫಿನ್ ಕೂಡ ಕಾಣುತ್ತವೆ. ಅಲ್ಲಿಂದ ಎರಡು ಗಂಟೆ ಡ್ರೈವ್, ದ್ವೀಪಕ್ಕೆ ಸೇತುವೆ ಇದೆ. ಮಧ್ಯಾಹ್ನದ ಹೊತ್ತಿಗೆ ರೂಮು ಸೇರಿ ಮಕ್ಕಳನ್ನು ಮಲಗಿಸಿ. ರಾತ್ರಿ ಎಚ್ಚರ ಇರಬೇಕಲ್ವಾ?

ಪೆಂಗ್ವಿನ್ ಪೆರೇಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇವು ಜಗತ್ತಿನ ಅತಿ ಚಿಕ್ಕ ಪೆಂಗ್ವಿನ್‌ಗಳು, ಎತ್ತರ ಸುಮಾರು 33 ಸೆಂ.ಮೀ, ಶಾಲೆಯ ಅಡಿಕೋಲಿನಷ್ಟು. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಹದ್ದು ಗಿಡುಗಗಳ ಭಯಕ್ಕೆ ಕತ್ತಲಾದ ಮೇಲೆ ಗುಂಪಾಗಿ ಮರಳು ದಾಟಿ ಗೂಡಿಗೆ ಹೋಗುತ್ತವೆ. ಅಕ್ಟೋಬರ್ ನಡುವಲ್ಲಿ ಸೂರ್ಯ ಮುಳುಗುವುದು ಏಳೂವರೆ ದಾಟಿದ ಮೇಲೆ. ಫೋಟೋ, ವಿಡಿಯೋ ಏನೂ ತೆಗೆಯುವಂತಿಲ್ಲ, ಬೆಳಕಿಗೆ ಅವು ಹೆದರುತ್ತವೆ. ಮಕ್ಕಳಿಗೆ ಮುಂಚೆಯೇ ಹೇಳಿಡಿ. ಟಿಕೆಟ್‌ನಲ್ಲಿ ಬೇರೆ ಬೇರೆ ದರ್ಜೆ ಇವೆ. ನಿಮಗೆ ನೆಲದಡಿಯ ಕೋಣೆಯ ಟಿಕೆಟ್ ಒಳ್ಳೆಯದು. ಗಾಜಿನ ಹಿಂದೆ ನಿಂತರೆ ಪೆಂಗ್ವಿನ್‌ಗಳು ಕಣ್ಣಿನ ಮಟ್ಟದಲ್ಲೇ ನಡೆದುಹೋಗುತ್ತವೆ, ಗಾಳಿ ಚಳಿಯೂ ಇಲ್ಲ. ಸೀಟು ಕಡಿಮೆ, ಬೇಗ ಮುಗಿಯುತ್ತದೆ. ಹೊರಗಿನ ಮೆಟ್ಟಿಲಲ್ಲಿ ಕೂರುವುದಾದರೆ ಕಂಬಳಿ ಬೇಕೇ ಬೇಕು. ಹೊರಡುವಾಗ ಕಾರಿನ ಕೆಳಗೆ ಬಗ್ಗಿ ನೋಡಿ, ಪೆಂಗ್ವಿನ್ ಕೂತಿರಬಹುದು. ಈ ಜಾಗದಲ್ಲಿ ಒಂದು ಕಾಲಕ್ಕೆ ಮನೆಗಳ ಬಡಾವಣೆಯೇ ಇತ್ತು. ಪೆಂಗ್ವಿನ್ ಉಳಿಯಲಿ ಅಂತ ಸರ್ಕಾರ 1985ರಿಂದ ಒಂದೊಂದಾಗಿ ಆಸ್ತಿಗಳನ್ನು ಕೊಂಡು, 2010ರ ಹೊತ್ತಿಗೆ ಪೂರ್ತಿ ಖಾಲಿ ಮಾಡಿಸಿತು. ಹಕ್ಕಿಗಾಗಿ ಬಡಾವಣೆ ಎಬ್ಬಿಸಿದ ಇಂಥ ಕೆಲಸ ಬಹಳ ಅಪರೂಪ.

ಇನ್ನು ಕೋಲಾ ಎತ್ತಿಕೊಳ್ಳುವ ಆಸೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ ಅದಕ್ಕೆ ಅವಕಾಶವಿಲ್ಲ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಾನೂನು ಒಪ್ಪುತ್ತದೆ, ಆದರೆ ಬ್ರಿಸ್ಬೇನ್‌ನ ಲೋನ್ ಪೈನ್ ಅನ್ನುವ ಹಳೆಯ ಕೋಲಾಧಾಮವೇ 2024ರಲ್ಲಿ ಅದನ್ನು ನಿಲ್ಲಿಸಿತು. ಮನುಷ್ಯರ ಕೈಯಿಂದ ಕೈಗೆ ಹೋಗುವುದು ಆ ಪ್ರಾಣಿಗೆ ಹಿಂಸೆ. ಫಿಲಿಪ್ ಐಲ್ಯಾಂಡ್‌ನಲ್ಲೇ ಕೋಲಾ ಸಂರಕ್ಷಣಾ ತಾಣ ಇದೆ. ಮರದ ಕೊಂಬೆಗಳ ಎತ್ತರದಲ್ಲಿ ಮರದ ಹಲಗೆಯ ದಾರಿ ಹಾಕಿದ್ದಾರೆ, ಹತ್ತಿರದಿಂದ ನೋಡಬಹುದು. ಮೆಲ್ಬರ್ನ್‌ಗೆ ಹೊರಡುವ ಬೆಳಿಗ್ಗೆ ಅಲ್ಲಿಗೆ ಹೋಗಿ. ಫೋಟೋದಲ್ಲಿ ಮಕ್ಕಳೂ ಕೋಲಾವೂ ಒಟ್ಟಿಗೆ ಬಂದರೆ ಸಾಲದೇ?

ಮೆಲ್ಬರ್ನ್ ತಲುಪಿದ ಕೂಡಲೇ ಕಾರು ವಾಪಸ್ ಕೊಟ್ಟುಬಿಡಿ. ನಗರದ ಕೆಲವು ಚೌಕಗಳಲ್ಲಿ ಬಲಕ್ಕೆ ತಿರುಗಬೇಕಾದರೆ ಎಡ ಲೇನಿಗೆ ಹೋಗಿ ಕಾಯಬೇಕು, ಟ್ರಾಮ್‌ಗೆ ದಾರಿ ಬಿಡಲು ಆ ನಿಯಮ. ಹೊಸಬರಿಗೆ ತಲೆ ಕೆಡುತ್ತದೆ. ನಗರದ ನಡುಭಾಗದಲ್ಲಿ ಟ್ರಾಮ್ ಉಚಿತ, ಅಮ್ಮನನ್ನು ಅದರಲ್ಲೇ ಸುತ್ತಾಡಿಸಿ. ಅಲ್ಲಿ ಏನೇನು ನೋಡಬೇಕು ಅಂತ ನಾನು ಪಟ್ಟಿ ಕೊಡುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರೂ ದಣಿದಿರುತ್ತೀರಿ, ಒಂದು ದಿನ ಖಾಲಿ ಬಿಡಿ.

ಕಾರಿನ ಬಗ್ಗೆ ಕೆಲವು ಮಾತು. ಏಳು ಸೀಟಿನ ಕಾರು ಅಂದ ತಕ್ಷಣ ಸಾಕು ಅನ್ನಿಸುತ್ತದೆ. ಆದರೆ ಹಿಂದಿನ ಸೀಟು ಎತ್ತಿದರೆ ಸೂಟ್‌ಕೇಸಿಗೆ ಜಾಗವಿರುವುದಿಲ್ಲ. ನೀವು ಐದು ಜನ, ಹಿಂದಿನ ಸಾಲು ಮಡಚಿ ಲಗೇಜ್ ಇಡಿ. ಏಳು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟು ಕಡ್ಡಾಯ, ಕಾರಿನ ಜೊತೆಗೇ ಬುಕ್ ಮಾಡಿ. ನಮ್ಮ ಲೈಸೆನ್ಸ್ ಇಂಗ್ಲಿಷಿನಲ್ಲಿ ಇರುವುದರಿಂದ ಪ್ರವಾಸಿಗರು ಅದರಲ್ಲೇ ಓಡಿಸಬಹುದು. ಆದರೂ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ. ರೌಂಡಬೌಟ್‌ನಲ್ಲಿ ಒಳಗೆ ಆಗಲೇ ಇರುವವರಿಗೆ ದಾರಿ ಬಿಡಲೇಬೇಕು, ನುಗ್ಗುವ ಅಭ್ಯಾಸ ಅಲ್ಲಿ ನಡೆಯದು. ಹಾರ್ನ್ ಮರೆತುಬಿಡಿ. ವೇಗದ ಕ್ಯಾಮೆರಾ ಎಲ್ಲೆಲ್ಲೂ ಇವೆ, ದಂಡ ಊರಿಗೆ ವಾಪಸ್ ಬಂದ ಮೇಲೂ ಬಾಡಿಗೆ ಕಂಪನಿಯ ಮೂಲಕ ಕಾರ್ಡಿನಿಂದ ಹೋಗುತ್ತದೆ. ಸಿಡ್ನಿ, ಮೆಲ್ಬರ್ನ್ ಟೋಲುಗಳಲ್ಲಿ ನಗದು ಕಟ್ಟುವ ಗೂಡೇ ಇಲ್ಲ, ಅದೂ ಹಾಗೇ ಕಡಿತವಾಗುತ್ತದೆ.

ಊಟದ ವಿಷಯ ಚಿಕ್ಕದು, ಆದರೆ ಮುಖ್ಯ. ಕರಾವಳಿಯ ಸಣ್ಣ ಊರುಗಳಲ್ಲಿ ಹೋಟೆಲ್ ಅಡುಗೆಮನೆ ರಾತ್ರಿ ಎಂಟರ ಹೊತ್ತಿಗೇ ಮುಚ್ಚುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಂಡರೆ ಅಮ್ಮನಿಗೆ ಅನ್ನ ಸಾರು ಮಾಡಿಕೊಡಬಹುದು. ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗುವಾಗ ಮಾತ್ರ ಹುಷಾರು. ಹಾಲಿನ ಸಿಹಿತಿಂಡಿ, ಹಣ್ಣು, ಬೀಜಗಳನ್ನು ಮನೆಯಲ್ಲೇ ಬಿಡಿ. ಸಾರಿನ ಪುಡಿ, ಚಟ್ನಿಪುಡಿ ಏನೇ ಇದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಆಹಾರ ಇದೆ’ ಅಂತ ಗುರುತು ಹಾಕಿ. ಹೇಳಿದರೆ ನೋಡಿ ಬಿಡುತ್ತಾರೆ, ಅಥವಾ ತೆಗೆದುಕೊಂಡು ಬಿಸಾಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ.

ಬುಕಿಂಗ್ ಯಾವ ಕ್ರಮದಲ್ಲಿ ಅಂದರೆ, ಮೊದಲು ವೀಸಾ. ನಮಗೆ ಇಳಿದ ಮೇಲೆ ವೀಸಾ ಸಿಗುವುದಿಲ್ಲ, ಸಬ್‌ಕ್ಲಾಸ್ 600 ಅನ್ನುವ ಪ್ರವಾಸಿ ವೀಸಾಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು, ಐದು ಜನರಿಗೂ ಬೇರೆ ಬೇರೆ. ಅದು ಕೈಗೆ ಬಂದ ಮೇಲೆ ವಿಮಾನ, ಪೆಂಗ್ವಿನ್ ಟಿಕೆಟ್, ಪೋರ್ಟ್ ಕ್ಯಾಂಪ್‌ಬೆಲ್ ರೂಮು, ಕಾರು. ಪೋರ್ಟ್ ಕ್ಯಾಂಪ್‌ಬೆಲ್ ಸಣ್ಣ ಊರು, ರೂಮು ಕಡಿಮೆ. ವಿಕ್ಟೋರಿಯಾದ ಶಾಲೆಗಳಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಲ್ಲಿ ರಜೆ ಇರುತ್ತದೆ. ದಸರಾ ಬೇಗ ಬರುವ ವರ್ಷ ಆ ರಜೆ ನಿಮ್ಮ ರಜೆಗೆ ತಾಗುತ್ತದೆ, ಆಗ ಇನ್ನೂ ಮುಂಚೆ ಹಿಡಿಯಿರಿ. ಸಿಡ್ನಿ, ಮೆಲ್ಬರ್ನ್ ಹೋಟೆಲ್‌ಗಳಿಗೆ ಆತುರವಿಲ್ಲ. ಪ್ರವಾಸ ನವೆಂಬರ್ ಮೊದಲ ಮಂಗಳವಾರದವರೆಗೆ ಎಳೆದರೆ ಮಾತ್ರ ನೋಡಿಕೊಳ್ಳಿ. ಅವತ್ತು ಮೆಲ್ಬರ್ನ್ ಕಪ್ ಕುದುರೆ ಪಂದ್ಯ, ಊರಿಗೇ ರಜೆ, ರೂಮಿನ ದರ ಮೇಲೇರಿರುತ್ತದೆ.